ನಡುಗೆರೆಗೆ ಅಂಟಿಕೊಂಡ ಬಿಂದುಗಳು: ಸಬ್‌ಗ್ರೂಪ್ ಆರಿಸುವುದು ಹೇಗೆ?

ಪ್ರಶ್ನೆ: ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ಗುಣಮಟ್ಟದ ಕೆಲಸ ನೋಡಿಕೊಳ್ಳುತ್ತೇನೆ. ಎರಕದ ಕವರ್ ಒಂದನ್ನು ವಿಎಂಸಿಯಲ್ಲಿ (ಕಂಪ್ಯೂಟರ್ ನಿಯಂತ್ರಣದ ಮಿಲ್ಲಿಂಗ್ ಯಂತ್ರ) ಫೇಸ್ ಮಿಲ್ಲಿಂಗ್ ಮಾಡುತ್ತೇವೆ, ಅಂದರೆ ಅದರ ಮೇಲ್ಮೈಯನ್ನು ಕತ್ತರಿಸಿ ಸಮತಟ್ಟು ಮಾಡುತ್ತೇವೆ. ದಪ್ಪ 12 ಮಿ.ಮೀ., ಟಾಲರೆನ್ಸ್ ಆಚೀಚೆ 0.02 ಮಿ.ಮೀ. ಕವರ್‌ಗಳನ್ನು ಹಿಡಿದಿಡುವ ಫಿಕ್ಸ್‌ಚರ್‌ನಲ್ಲಿ ನಾಲ್ಕು ಸ್ಟೇಷನ್‌ಗಳಿವೆ. ಒಂದು ಸೈಕಲ್‌ಗೆ ನಾಲ್ಕು ಕವರ್ ಬರುತ್ತವೆ. ಗಂಟೆಗೊಮ್ಮೆ ಒಂದು ಸೈಕಲ್‌ನ ನಾಲ್ಕನ್ನೂ ಅಳೆದು, ಅವನ್ನೇ ಒಂದು ಸಬ್‌ಗ್ರೂಪ್ (ಒಟ್ಟಿಗೆ ಲೆಕ್ಕ ಹಾಕುವ ಗುಂಪು) ಎಂದುಕೊಂಡು ಎಕ್ಸ್‌ಬಾರ್–ಆರ್ ಚಾರ್ಟ್, ಅಂದರೆ ಪ್ರತಿ ಗುಂಪಿನ ಸರಾಸರಿಯನ್ನೂ ರೇಂಜನ್ನೂ (ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರುವ ಅಂತರ) ಗುರುತಿಸುವ ಕಂಟ್ರೋಲ್ ಚಾರ್ಟ್ ಹಾಕಿದ್ದೇನೆ. ರೇಂಜ್‌ಗಳ ಸರಾಸರಿ 20 ಮೈಕ್ರಾನ್ (0.02 ಮಿ.ಮೀ.). ಮೂರು ದಿನದ 24 ಬಿಂದುಗಳಲ್ಲಿ ಒಂದೂ ಚಾರ್ಟಿನ ಮಿತಿ ದಾಟಿಲ್ಲ, ಎಲ್ಲವೂ ನಡುಗೆರೆಯ ಆಸುಪಾಸಿನಲ್ಲೇ ಇವೆ. ಮೇಲಿನವರು ಮೆಚ್ಚಿಕೊಂಡರು. ಆದರೆ ಅದೇ ಮೂರು ದಿನದ ಮಾಲಿನಲ್ಲಿ ದಪ್ಪ ಕಡಿಮೆ ಇರುವ ಕವರ್‌ಗಳು ಸಿಕ್ಕಿವೆ ಎಂದು ಗ್ರಾಹಕರು ವಾಪಸು ಕಳಿಸಿದ್ದಾರೆ. ಆಡಿಟ್‌ಗೆ ಬಂದವರು ‘ಗಂಟೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಐದು ತುಂಡು ತೆಗೆಯಿರಿ’ ಎಂದರು. ಸ್ಯಾಂಪಲ್ ಯಾದೃಚ್ಛಿಕವಾಗಿರಬೇಕು ಎಂದು ನಾನೂ ಓದಿದ್ದೇನೆ. ಸಬ್‌ಗ್ರೂಪನ್ನು ನಿಜವಾಗಿ ಆರಿಸುವುದು ಹೇಗೆ? ನಾಲ್ಕು ಇರಬೇಕೋ, ಐದೋ? ಅಳತೆಯ ಹಾಳೆಯನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನೀವು ಅಳತೆಯ ಹಾಳೆಯನ್ನು ಕಳಿಸಿದ್ದು, ಅದಕ್ಕಿಂತ ಹೆಚ್ಚಾಗಿ ಪ್ರತಿ ಅಳತೆಯನ್ನೂ ಸ್ಟೇಷನ್‌ನ ಕ್ರಮದಲ್ಲೇ ಬರೆದಿಟ್ಟದ್ದು ಬಹಳ ಒಳ್ಳೆಯದಾಯಿತು. ಆ ಕ್ರಮ ಇರದಿದ್ದರೆ ನಿಮ್ಮ ಪ್ರಶ್ನೆಗೆ ಊಹೆಯ ಉತ್ತರವನ್ನಷ್ಟೇ ಕೊಡಬಹುದಿತ್ತು. ಈಗ ನಿಮ್ಮ ಅಂಕಿಗಳಿಂದಲೇ ಹೇಳಬಹುದು.

ಎರಡನೆಯ ದಿನದ ಮೂರು ಸಾಲುಗಳನ್ನು ತೆಗೆದುಕೊಳ್ಳುತ್ತೇನೆ. 12 ಮಿ.ಮೀ.ಗಿಂತ ಎಷ್ಟು ಮೈಕ್ರಾನ್ ಹೆಚ್ಚು, ಎಷ್ಟು ಕಡಿಮೆ ಎಂದು ಬರೆದರೆ ಓದಲು ಸುಲಭ. ಬೆಳಿಗ್ಗೆ 8 ಗಂಟೆಗೆ ಒಂದರಿಂದ ನಾಲ್ಕನೆಯ ಸ್ಟೇಷನ್‌ವರೆಗೆ: +13, +6, +2, −7. ಸರಾಸರಿ +3.5, ರೇಂಜ್ 20. ಹತ್ತು ಗಂಟೆಗೆ: +10, +2, −2, −10. ಸರಾಸರಿ ಸೊನ್ನೆ, ರೇಂಜ್ 20. ಮಧ್ಯಾಹ್ನ ಒಂದಕ್ಕೆ: +6, −4, −6, −12. ಸರಾಸರಿ −4, ರೇಂಜ್ 18.

ಈ ಮೂರು ಸಾಲುಗಳನ್ನು ಅಡ್ಡಡ್ಡ ಓದಬೇಡಿ, ಮೇಲಿಂದ ಕೆಳಗೆ ಓದಿ. ಪ್ರತಿ ಬಾರಿಯೂ ಮೊದಲನೆಯ ಸ್ಟೇಷನ್ ಎಲ್ಲಕ್ಕಿಂತ ದಪ್ಪ, ನಾಲ್ಕನೆಯದು ಎಲ್ಲಕ್ಕಿಂತ ತೆಳು. ನಿಮ್ಮ 24 ಸಾಲುಗಳಲ್ಲೂ ಹೀಗೇ ಇದೆ, ಒಂದೂ ಅಪವಾದವಿಲ್ಲ. ಹಾಗಾದರೆ ನೀವು ರೇಂಜ್ ಎಂದು ಬರೆದಿರುವ ಆ 20 ಮೈಕ್ರಾನ್ ಯಾವುದರ ಅಳತೆ? ಯಂತ್ರದ ಸಹಜ ಏರಿಳಿತದ್ದಲ್ಲ. ಒಂದನೆಯ ಸ್ಟೇಷನ್ನಿನಲ್ಲಿ ಕವರ್ ಕೂರುವ ರೆಸ್ಟ್ ಪ್ಯಾಡಿಗೂ ನಾಲ್ಕನೆಯದರ ರೆಸ್ಟ್ ಪ್ಯಾಡಿಗೂ ಇರುವ ಎತ್ತರದ ವ್ಯತ್ಯಾಸವನ್ನು ನೀವು ಗಂಟೆಗೊಮ್ಮೆ, ಮೂರು ದಿನ, ಬಹಳ ಶ್ರದ್ಧೆಯಿಂದ ಅಳೆದಿದ್ದೀರಿ.

ಚಾರ್ಟ್ ಸುಮ್ಮನಿದ್ದದ್ದಕ್ಕೂ ಮಾಲು ವಾಪಸು ಬಂದದ್ದಕ್ಕೂ ಇದೇ ಮೂಲ. ಸರಾಸರಿ ಚಾರ್ಟಿನ ಮಿತಿಗಳು ಆಕಾಶದಿಂದ ಇಳಿದವಲ್ಲ. ಅವು ರೇಂಜ್‌ನಿಂದ ಹುಟ್ಟುತ್ತವೆ. ನಾಲ್ಕರ ಸಬ್‌ಗ್ರೂಪಿಗೆ ಕೋಷ್ಟಕದಲ್ಲಿರುವ ಗುಣಕ 0.729. ಅದನ್ನು 20ರಿಂದ ಗುಣಿಸಿದರೆ 14.6. ನಿಮ್ಮ ನಡುಗೆರೆ −1. ಅಂದರೆ ಸರಾಸರಿಯು +13.6ನ್ನು ಮೀರಿದರೆ ಅಥವಾ −15.6ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಚಾರ್ಟ್ ಬಾಯಿ ಬಿಡುತ್ತದೆ. ಇತ್ತ ಒಂದೇ ಸ್ಟೇಷನ್ನಿನ ಅಳತೆಗಳಿಂದ ಆಯಾ ಗಂಟೆಯ ಸರಾಸರಿಯನ್ನು ಕಳೆದು ನೋಡಿದೆ. ಉಳಿಯುವ ಏರಿಳಿತದ ಸಿಗ್ಮಾ (ಪ್ರಮಾಣಿತ ವಿಚಲನೆ, ಅಂದರೆ ಚೆದುರುವಿಕೆಯ ಅಳತೆ; ಬಹುತೇಕ ಎಲ್ಲವೂ ಸರಾಸರಿಯ ಆಚೀಚೆ ಮೂರು ಸಿಗ್ಮಾದೊಳಗೆ ಬೀಳುತ್ತವೆ) ಸುಮಾರು 2 ಮೈಕ್ರಾನ್. ಹಾಗಿರುವ ನಾಲ್ಕು ತುಂಡುಗಳ ಸರಾಸರಿ ಸಹಜವಾಗಿ ಅಲುಗಾಡುವುದು 1 ಮೈಕ್ರಾನ್ ಸಿಗ್ಮಾದಷ್ಟು, ಹೆಚ್ಚೆಂದರೆ ಆಚೀಚೆ 3 ಮೈಕ್ರಾನ್. ಮೂರು ಮೈಕ್ರಾನ್‌ಗೆ ಎಚ್ಚರಿಸಬೇಕಾದ ಕಾವಲುಗಾರನಿಗೆ ಹದಿನಾಲ್ಕೂವರೆ ಮೈಕ್ರಾನ್‌ವರೆಗೆ ಮಲಗಿರು ಎಂದು ನೀವೇ ಹೇಳಿದ ಹಾಗಾಗಿದೆ. ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ಇಟ್ಟರೆ ಮುಳ್ಳು ಅಲ್ಲಾಡುವುದಿಲ್ಲ. ಅದು ಚಿನ್ನದ ತಪ್ಪೂ ಅಲ್ಲ, ತಕ್ಕಡಿಯ ತಪ್ಪೂ ಅಲ್ಲ.

ಮುಳ್ಳು ಅಲ್ಲಾಡದ ಆ ಅವಧಿಯಲ್ಲಿ ಏನಾಗುತ್ತಿತ್ತು ಎಂಬುದೂ ನಿಮ್ಮ ಹಾಳೆಯಲ್ಲೇ ಇದೆ. ಎರಡನೆಯ ದಿನದ ಎಂಟು ಸರಾಸರಿಗಳು ಹೀಗಿವೆ: +3.5, +2, 0, −1, −3, −4, −3, −2.5. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದಪ್ಪ ಜಾರುತ್ತಲೇ ಇದೆ. ತಣ್ಣಗಿರುವ ಯಂತ್ರದಲ್ಲಿ ಆಪರೇಟರ್ ಆಫ್‌ಸೆಟ್ (ಕಟರ್‌ನ ಎತ್ತರದ ಹೊಂದಾಣಿಕೆ) ಹಾಕುತ್ತಾರೆ. ಬೇರಿಂಗ್‌ಗಳು ಕಾದಂತೆ ಕಟರ್ ತಿರುಗಿಸುವ ಸ್ಪಿಂಡಲ್ ಉದ್ದವಾಗುತ್ತದೆ, ಕಟರ್ ಕೆಲವು ಮೈಕ್ರಾನ್ ಕೆಳಗಿಳಿಯುತ್ತದೆ, ಕವರ್ ತೆಳುವಾಗುತ್ತದೆ. ಮಧ್ಯಾಹ್ನದ ನಂತರ ಸ್ವಲ್ಪ ಮೇಲೇಳುವುದಕ್ಕೆ ಇನ್ಸರ್ಟ್‌ನ (ಕಟರ್‌ನಲ್ಲಿ ಕತ್ತರಿಸುವ ಬಿಲ್ಲೆಯ) ಸವೆತ ಕಾರಣವಿರಬಹುದು, ಏಕೆಂದರೆ ಸವೆತವು ದಪ್ಪವನ್ನು ಹೆಚ್ಚಿಸುತ್ತದೆ. ಸರಾಸರಿಯು −5ಕ್ಕೆ ಇಳಿಯುವ ದಿನ ನಾಲ್ಕನೆಯ ಸ್ಟೇಷನ್ ಅದಕ್ಕಿಂತ 10 ಕೆಳಗೆ, ಅಂದರೆ −15ರಲ್ಲಿ ಇರುತ್ತದೆ. ಅದರ ಮೇಲೆ ಆಚೀಚೆ 6 ಮೈಕ್ರಾನ್‌ನ ಸಹಜ ಏರಿಳಿತ ಸೇರಿದರೆ ಕೆಲವು ತುಂಡುಗಳು −21 ಮುಟ್ಟುತ್ತವೆ. ಟಾಲರೆನ್ಸ್ −20. ವಾಪಸು ಬಂದ ಕವರ್‌ಗಳಲ್ಲಿ ಹೆಚ್ಚಿನವು ಮಧ್ಯಾಹ್ನದ ಹೊತ್ತಿನ ನಾಲ್ಕನೆಯ ಸ್ಟೇಷನ್ನಿನವು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನಡುಗೆರೆಗೆ ಅಂಟಿಕೊಂಡ ಬಿಂದುಗಳನ್ನು ಕಂಡು ಖುಷಿಪಡುವುದು ನಮ್ಮ ಕಾರ್ಖಾನೆಗಳಲ್ಲಿ ತೀರಾ ಸಾಮಾನ್ಯ. ನಾನೂ ಪಟ್ಟಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ಲೆಕ್ಕ ನೋಡಿ. ಮಿತಿಗಳು ಸರಿಯಿದ್ದರೆ ನಡುಗೆರೆಯ ಆಚೀಚೆ ಒಂದು ಸಿಗ್ಮಾದ, ಅಂದರೆ ಮಿತಿಯ ದೂರದ ಮೂರನೆಯ ಒಂದು ಭಾಗದ, ಪಟ್ಟಿಯೊಳಗೆ ನೂರಕ್ಕೆ 68 ಬಿಂದುಗಳು ಬೀಳಬೇಕು, ಉಳಿದವು ಅದರ ಹೊರಗೆ ಚೆದುರಬೇಕು. 24 ಬಿಂದುಗಳೂ ಆ ಪಟ್ಟಿಯೊಳಗೇ ಸಾಲಾಗಿ ಬೀಳುವ ಸಂಭವ ಹತ್ತು ಸಾವಿರಕ್ಕೆ ಒಂದರಷ್ಟು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯವರು 1956ರಲ್ಲಿ ತಮ್ಮ ಗುಣಮಟ್ಟ ನಿಯಂತ್ರಣದ ಕೈಪಿಡಿಯನ್ನು ಪ್ರಕಟಿಸಿದಂದಿನಿಂದಲೂ ಸತತ 15 ಬಿಂದುಗಳು ಈ ನಡುಪಟ್ಟಿಯಲ್ಲೇ ಇದ್ದರೆ ಅದನ್ನು ಎಚ್ಚರಿಕೆಯೆಂದೇ ಓದುವ ರೂಢಿ ಇದೆ. ಮಿತಿ ದಾಟಿದ ಬಿಂದುವಿಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ ಬೆಲೆ. ಬಗೆಬಗೆಯ ಮೂಲಗಳ ಮಾಲು ಪ್ರತಿ ಸಬ್‌ಗ್ರೂಪಿನಲ್ಲೂ ಒಂದೊಂದರಂತೆ ಪದರಪದರವಾಗಿ ಕುಳಿತಿದೆ ಎಂದು ಅದರ ಅರ್ಥ.

ಈಗ ನಿಮ್ಮ ಮೂಲ ಪ್ರಶ್ನೆ. ಕಂಟ್ರೋಲ್ ಚಾರ್ಟನ್ನು ರೂಪಿಸಿದ ಅಮೆರಿಕದ ವಾಲ್ಟರ್ ಶೆವಾರ್ಟ್ ತಮ್ಮ ಮೊದಲ ಚಾರ್ಟನ್ನು 1924ರ ಮೇ 16ರಂದು ಒಂದು ಸಣ್ಣ ಟಿಪ್ಪಣಿಯಲ್ಲಿ ಮೇಲಧಿಕಾರಿಗೆ ಕಳಿಸಿದರು. 1931ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ನಮ್ಮ ದೇಶಕ್ಕೂ ಇದಕ್ಕೂ ಹಳೆಯ ನಂಟಿದೆ: ಭಾರತೀಯ ಸಾಂಖ್ಯಿಕ ಸಂಸ್ಥೆಯ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947–48ರಲ್ಲಿ ಶೆವಾರ್ಟ್ ಇಲ್ಲಿಗೆ ಬಂದು ಊರೂರು ತಿರುಗಿ ಉದ್ಯಮಿಗಳ ಜೊತೆ ಮಾತನಾಡಿದ್ದರು. ಅವರು ಹೇಳಿದ ತರ್ಕಬದ್ಧ ಸಬ್‌ಗ್ರೂಪ್ ಎಂಬ ಮಾತಿನಲ್ಲಿ ‘ತರ್ಕಬದ್ಧ’ ಎಂಬುದೇ ಮುಖ್ಯ. ಮಿತಿಯ ಸೂತ್ರ, ಗುಣಕಗಳ ಕೋಷ್ಟಕ ಎಲ್ಲವನ್ನೂ ಕಂಪ್ಯೂಟರ್ ಹಾಕಿಕೊಡುತ್ತದೆ. ಯಾವ ತುಂಡುಗಳು ಒಂದೇ ಗುಂಪಿಗೆ ಸೇರಬೇಕು ಎಂಬುದನ್ನು ಮಾತ್ರ ಯಂತ್ರವನ್ನು ಬಲ್ಲ ಮನುಷ್ಯನೇ ಯೋಚಿಸಿ ತೀರ್ಮಾನಿಸಬೇಕು.

ತೀರ್ಮಾನಿಸುವ ಬಗೆ ಹೀಗೆ. ಸಬ್‌ಗ್ರೂಪಿನ ಒಳಗೆ ಬಿಟ್ಟ ವ್ಯತ್ಯಾಸವೆಲ್ಲ ನಿಮ್ಮ ಅಳತೆಗೋಲಾಗುತ್ತದೆ. ಅದನ್ನು ನೀವು ‘ಇಷ್ಟು ಇರುವುದು ಸಹಜ’ ಎಂದು ಒಪ್ಪಿಕೊಂಡಂತೆ. ಒಂದು ಸಬ್‌ಗ್ರೂಪಿಗೂ ಇನ್ನೊಂದಕ್ಕೂ ನಡುವೆ ಬಿಟ್ಟ ವ್ಯತ್ಯಾಸವನ್ನು ಆ ಕೋಲಿನಿಂದ ಅಳೆಯುತ್ತೀರಿ. ಆದ್ದರಿಂದ ಹಿಡಿಯಬೇಕೆಂದಿರುವ ಕಳ್ಳನನ್ನು ಗುಂಪಿನ ಒಳಗೆ ಕೂರಿಸಬಾರದು. ನೀವು ನಾಲ್ಕು ಸ್ಟೇಷನ್‌ಗಳನ್ನು ಒಂದೇ ಗುಂಪಿಗೆ ಹಾಕಿದಾಗ, ಸ್ಟೇಷನ್‌ಗಳ ನಡುವಿನ ವ್ಯತ್ಯಾಸ ಸಹಜ ಎಂದು ಚಾರ್ಟಿಗೆ ಬರೆದುಕೊಟ್ಟಿರಿ. ನಿಮ್ಮ ಮನಸ್ಸಿನಲ್ಲಿ ಅದು ಇರಲಿಲ್ಲ, ಆದರೆ ಚಾರ್ಟ್ ಹಾಗೆಯೇ ತಿಳಿದುಕೊಂಡಿತು.

ನಿಮ್ಮ ಯಂತ್ರದಲ್ಲಿ ವ್ಯತ್ಯಾಸ ಹುಟ್ಟುವ ಜಾಗಗಳು ಮೂರು. ಸ್ಟೇಷನ್‌ನಿಂದ ಸ್ಟೇಷನ್‌ಗೆ ಒಂದು. ಒಂದೇ ಸ್ಟೇಷನ್ನಿನಲ್ಲಿ ಈ ಸೈಕಲ್‌ನಿಂದ ಮುಂದಿನ ಸೈಕಲ್‌ಗೆ ಇನ್ನೊಂದು. ಗಂಟೆಯಿಂದ ಗಂಟೆಗೆ ಮತ್ತೊಂದು: ಕಾವು, ಸವೆತ, ಆಫ್‌ಸೆಟ್ ಬದಲಾವಣೆ, ಶಿಫ್ಟ್ ಬದಲಾವಣೆ ಎಲ್ಲ ಇದರಲ್ಲೇ ಬಂತು. ಇವುಗಳಲ್ಲಿ ಯಾವುದನ್ನು ಸಹಜವೆಂದು ಒಪ್ಪಬಹುದು? ಎರಡನೆಯದನ್ನು ಮಾತ್ರ. ಒಂದೇ ಪ್ಯಾಡ್, ಅದೇ ಕ್ಲ್ಯಾಂಪ್, ಅದೇ ಇನ್ಸರ್ಟ್, ಕೆಲವೇ ನಿಮಿಷಗಳ ಅಂತರ. ಇಷ್ಟಾದರೂ ಉಳಿಯುವ ಎರಡು ಮೈಕ್ರಾನ್‌ನ ಹೊಯ್ದಾಟ ಈ ಯಂತ್ರದ ಉಸಿರಾಟ. ಅದನ್ನು ಗುಂಪಿನೊಳಗೆ ಬಿಡಿ. ಮಿಕ್ಕೆರಡನ್ನು ಗುಂಪಿನಿಂದಾಚೆ ಇಡಿ.

ಅಂದರೆ ಒಂದು ಪೂರ್ತಿ ದಿನ ಹೀಗೆ ಮಾಡಿ. ಗಂಟೆಗೊಮ್ಮೆ ಸತತ ಮೂರು ಸೈಕಲ್‌ಗಳ ಹನ್ನೆರಡು ಕವರ್‌ಗಳನ್ನು ಎತ್ತಿಡಿ. ಒಂದನೆಯ ಸ್ಟೇಷನ್ನಿನ ಮೂರು ಒಂದು ಸಬ್‌ಗ್ರೂಪ್, ಎರಡನೆಯದರ ಮೂರು ಇನ್ನೊಂದು, ಹೀಗೆ ಗಂಟೆಗೆ ನಾಲ್ಕು ಸಬ್‌ಗ್ರೂಪ್‌ಗಳು. ಸಿಗ್ಮಾ 2 ಮೈಕ್ರಾನ್ ಇದ್ದರೆ ಮೂರರ ಗುಂಪಿನ ಸರಾಸರಿ ರೇಂಜ್ 3.4 ಬರುತ್ತದೆ. ಮೂರಕ್ಕೆ ಗುಣಕ 1.023, ಮಿತಿ ಆಚೀಚೆ 3.5 ಮೈಕ್ರಾನ್. ನಾಲ್ಕೂ ಸ್ಟೇಷನ್‌ಗಳ ಸರಾಸರಿಗಳನ್ನು ಈಗ ಒಂದೇ ಹಾಳೆಯಲ್ಲಿ ಗುರುತಿಸಿ. ಒಂದನೆಯ ಸ್ಟೇಷನ್ +9ರ ಹತ್ತಿರ, ನಾಲ್ಕನೆಯದು −11ರ ಹತ್ತಿರ, ಎರಡೂ ಮಿತಿಯಾಚೆ ಎಲ್ಲೋ ದೂರದಲ್ಲಿ ಕಾಣುತ್ತವೆ. ಅದೇ ಯಂತ್ರ, ಅದೇ ಕವರ್, ಅದೇ ಗೇಜ್. ನೀವು ಗುಂಪು ಕಟ್ಟಿದ ರೀತಿ ಬದಲಾದದ್ದಕ್ಕೆ ಸುಮ್ಮನಿದ್ದ ಚಾರ್ಟ್ ಕೂಗುತ್ತದೆ.

ಇಲ್ಲಿ ಗೇಜ್ ಬಗ್ಗೆ ಒಂದು ಮಾತು. ಹೀಗೆ ಅಳೆಯುವುದಕ್ಕೆ ಒಂದು ಮೈಕ್ರಾನ್ ತೋರಿಸುವ ಡಯಲ್ ಅಥವಾ ಡಿಜಿಟಲ್ ಕಂಪ್ಯಾರೇಟರ್ ಬೇಕು. 0.01 ಮಿ.ಮೀ. ಲೀಸ್ಟ್ ಕೌಂಟ್‌ನ ಮೈಕ್ರೋಮೀಟರ್ ಹಿಡಿದರೆ ರೇಂಜ್ ಸೊನ್ನೆ, ಸೊನ್ನೆ, ಹತ್ತು, ಸೊನ್ನೆ ಎಂದು ಬರುತ್ತದೆ. ಎರಡು ಮೈಕ್ರಾನ್‌ನ ಉಸಿರಾಟ ಅದಕ್ಕೆ ಕಾಣುವುದೇ ಇಲ್ಲ. ನಿಮ್ಮ ಅಂಕಿಗಳು ಮೈಕ್ರಾನ್‌ಗಳಲ್ಲೇ ಇರುವುದರಿಂದ ಈ ತೊಂದರೆ ನಿಮಗಿಲ್ಲ.

ಹನ್ನೆರಡು ಕವರ್ ಅಳೆಯಲು ಪುರುಸೊತ್ತಿಲ್ಲ ಎನ್ನುವುದಾದರೆ, ಹೊಸದಾಗಿ ಏನನ್ನೂ ಅಳೆಯದೆ ಇವತ್ತು ಸಂಜೆಯೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಎಂಟು ಸರಾಸರಿಗಳನ್ನೇ ಬಿಡಿ ಅಳತೆಗಳೆಂದು ಭಾವಿಸಿ. ಪಕ್ಕಪಕ್ಕದ ಎರಡರ ನಡುವಿನ ಅಂತರಗಳನ್ನು ಬರೆಯಿರಿ: 1.5, 2, 1, 2, 1, 1, 0.5. ಅವುಗಳ ಸರಾಸರಿ 1.29. ಬಿಡಿ ಅಳತೆಯ ಚಾರ್ಟಿನ ಗುಣಕ 2.66. ಅದರಿಂದ ಗುಣಿಸಿದರೆ 3.4. ನಡುಗೆರೆ −1 ಆದ್ದರಿಂದ ಮಿತಿಗಳು +2.4 ಮತ್ತು −4.4. ಬೆಳಿಗ್ಗೆ 8ರ +3.5 ಈಗ ನೇರವಾಗಿ ಮಿತಿಯ ಹೊರಗೆ ಬಿದ್ದಿತು. ಒಂದು ಗಂಟೆಯ −4 ಕೆಳಗಿನ ಮಿತಿಯ ಅಂಚಿನಲ್ಲಿ ನಿಂತಿತು. ಎಂಟು ಬಿಂದುಗಳಿಂದ ಹಾಕಿದ ಮಿತಿ ತಾತ್ಕಾಲಿಕ. 24ನ್ನೂ ಸೇರಿಸಿ ಲೆಕ್ಕ ಹಾಕಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೂ ಬೆಳಗಿನ ಜಾರಿಕೆ ಕಣ್ಣಿಗೆ ಬಿತ್ತಲ್ಲ! ಒಂದು ಸೈಕಲ್‌ನ ನಾಲ್ಕು ಕವರ್‌ಗಳು ಒಂದೇ ಬಾರಿ ಮೇಜಿನ ಮೇಲೆ ಹುಟ್ಟಿದವು. ಗಂಟೆಯಿಂದ ಗಂಟೆಗೆ ಅವು ಒಟ್ಟಾಗಿ ಏರಿಳಿಯುತ್ತವೆ. ಆ ಏರಿಳಿತವನ್ನು ಅಳೆಯಲು ಸ್ಟೇಷನ್‌ಗಳ ಅಂತರವನ್ನು ಕೋಲಾಗಿ ಬಳಸದೆ, ಗಂಟೆಗಂಟೆಯ ಅಂತರವನ್ನೇ ಬಳಸಿದೆವು, ಅಷ್ಟೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾರ್ಖಾನೆಯಲ್ಲಿ ಇಂಥದೇ ಚಾರ್ಟ್ ನನ್ನ ಮೇಜಿನ ಮೇಲಿತ್ತು. ನಾಲ್ಕು ತಿಂಗಳು ನಾನು ಅದನ್ನು ನಂಬಿದ್ದೆ. ಒಂದು ದಿನ ಟೂಲ್ ರೂಮಿನ ಹಿರಿಯರೊಬ್ಬರು ನನ್ನನ್ನು ಯಂತ್ರದ ಬಳಿ ಕರೆದುಕೊಂಡು ಹೋಗಿ, ‘ಬಾಗಿಲು ತೆಗೆದಾಗಲೆಲ್ಲ ಪ್ಯಾಡ್ ನೋಡು’ ಎಂದು ಹೇಳಿ ನಿಲ್ಲಿಸಿದರು. ಸೈಕಲ್ ಮುಗಿಯಿತು, ಬಾಗಿಲು ಸರಿಯಿತು, ಕೂಲಂಟ್ ಸೋರುತ್ತಿರುವ ಫಿಕ್ಸ್‌ಚರ್ ಕಂಡಿತು. ಆಪರೇಟರ್ ಏರ್ ಗನ್ ಹಿಡಿದು ಮೊದಲ ಮೂರು ಜಾಗಗಳಿಗೆ ಗಾಳಿ ಹೊಡೆದರು. ನಾಲ್ಕನೆಯದಕ್ಕೆ ಹೋಸ್ ಎಳೆದರೂ ಎಟುಕುತ್ತಿರಲಿಲ್ಲ; ಬಟ್ಟೆಯಿಂದ ಒಮ್ಮೆ ಸವರಿ ಬಿಟ್ಟರು. ಹಿರಿಯರು ಪ್ಯಾಡಿನ ಮೇಲೆ ಬೆರಳಾಡಿಸಿ ತೋರಿಸಿದರು. ಒಂದನೆಯ ಪ್ಯಾಡಿನ ನಡುವೆ ಸವೆದು ಕನ್ನಡಿಯಂತೆ ಹೊಳೆಯುವ ಗುಳಿ, ನಾಲ್ಕನೆಯದರ ಅಂಚಿನಲ್ಲಿ ಒತ್ತಿ ಕುಳಿತ ಕೂದಲೆಳೆಯಷ್ಟು ಚಿಪ್, ಅಂದರೆ ಲೋಹದ ಚೂರು. ಪ್ಯಾಡ್ ಸವೆದರೆ ಕವರ್ ಕೆಳಗೆ ಕೂರುತ್ತದೆ, ಕಟರ್ ಕಡಿಮೆ ತೆಗೆಯುತ್ತದೆ, ದಪ್ಪ ಉಳಿಯುತ್ತದೆ. ಚಿಪ್ ಕೂತರೆ ಕವರ್ ಎತ್ತರಕ್ಕೆ ನಿಲ್ಲುತ್ತದೆ, ಕಟರ್ ಹೆಚ್ಚು ತೆಗೆಯುತ್ತದೆ, ತೆಳುವಾಗುತ್ತದೆ. ನಾಲ್ಕು ತಿಂಗಳು ನನ್ನ ಚಾರ್ಟ್ ಹೇಳದೆ ಇದ್ದದ್ದನ್ನು ಒಂದು ಏರ್ ಹೋಸ್‌ನ ಉದ್ದ ಹೇಳಿತು. ಅಂದಿನಿಂದ ಸಬ್‌ಗ್ರೂಪನ್ನು ಮೇಜಿನ ಮೇಲೆ ಕುಳಿತು ಆರಿಸುವುದನ್ನು ಬಿಟ್ಟೆ.

ನೀವೂ ಒಂದು ಡಯಲ್‌ನ್ನು ಸ್ಪಿಂಡಲ್‌ಗೆ ಕಟ್ಟಿ ನಾಲ್ಕೂ ಸ್ಟೇಷನ್‌ಗಳ ಪ್ಯಾಡ್‌ಗಳ ಮೇಲೆ ಓಡಿಸಿ. ಇಪ್ಪತ್ತು ಮೈಕ್ರಾನ್‌ನ ಆಸುಪಾಸಿನ ವ್ಯತ್ಯಾಸ ಅಲ್ಲೇ ಸಿಕ್ಕರೆ ಪ್ಯಾಡ್‌ಗಳನ್ನು ಒಟ್ಟಿಗೆ ಗ್ರೈಂಡ್ ಮಾಡಿಸಿ, ಇಲ್ಲವೇ ಶಿಮ್ (ತೆಳು ತಗಡು) ಕೊಟ್ಟು ಸಮ ಮಾಡಿ.

ಆಡಿಟ್‌ನವರ ಸಲಹೆಗೆ ಬರುತ್ತೇನೆ. ಗಂಟೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಐದು ತುಂಡು ತೆಗೆಯುವುದಕ್ಕೆ ಅರ್ಥವಿಲ್ಲ ಎಂದಲ್ಲ. ‘ಈ ಗಂಟೆಯಲ್ಲಿ ಮಾಡಿದ ಮಾಲನ್ನು ಒಪ್ಪಿಕೊಳ್ಳಬಹುದೇ?’ ಎಂಬುದು ಪ್ರಶ್ನೆಯಾಗಿದ್ದರೆ ಇಡೀ ಗಂಟೆಯ ಮಾಲನ್ನು ಪ್ರತಿನಿಧಿಸುವ ತುಂಡುಗಳೇ ಬೇಕು. ಆದರೆ ಚಾರ್ಟಿನ ಪ್ರಶ್ನೆ ಬೇರೆ: ‘ಯಂತ್ರ ಬದಲಾಯಿತೇ?’ ಹತ್ತೂವರೆಗೆ ಇನ್ಸರ್ಟ್ ಮುಕ್ಕಾಯಿತು ಎಂದುಕೊಳ್ಳಿ. ಹತ್ತರಿಂದ ಹನ್ನೊಂದರವರೆಗೆ ಚೆಲ್ಲಾಪಿಲ್ಲಿಯಾಗಿ ತೆಗೆದ ಐದು ತುಂಡುಗಳಲ್ಲಿ ಎರಡು ಮೊದಲಿನವು, ಮೂರು ನಂತರದವು. ಆ ಬದಲಾವಣೆ ರೇಂಜ್‌ನ ಒಳಗೆ ಸೇರಿಕೊಂಡು ಅದನ್ನು ಹಿಗ್ಗಿಸುತ್ತದೆ. ಇಂಥವು ನಾಲ್ಕಾರು ಸೇರಿದರೆ ಮಿತಿಗಳು ಅಗಲವಾಗಿ ಮುಂದಿನ ಬದಲಾವಣೆಗಳೂ ಅದರಲ್ಲಿ ಮುಳುಗುತ್ತವೆ. ಒಂದೇ ಹೊತ್ತಿನಲ್ಲಿ, ಬೆನ್ನು ಬೆನ್ನಿಗೆ ಹುಟ್ಟಿದ ತುಂಡುಗಳನ್ನು ತೆಗೆದರೆ ಬದಲಾವಣೆಯು ಎರಡು ಸಬ್‌ಗ್ರೂಪ್‌ಗಳ ನಡುವೆ ಬೀಳುವ ಅವಕಾಶ ಹೆಚ್ಚು.

ಯಾದೃಚ್ಛಿಕ ಸ್ಯಾಂಪಲ್ ಎಂಬ ಪಾಠವೂ ಇದೇ ಕಾರಣಕ್ಕೆ ಇಲ್ಲಿ ಹೊಂದುವುದಿಲ್ಲ. ಒಂದು ಟ್ರೇ ತುಂಬ ಎರಡು ಯಂತ್ರಗಳ, ನಾಲ್ಕು ಸ್ಟೇಷನ್‌ಗಳ ಮಾಲು ಬೆರೆತಿರುವಾಗ ಅದರಿಂದ ಕೈಗೆ ಸಿಕ್ಕ ಐದನ್ನು ತೆಗೆದರೆ ಅದು ನಿಜಕ್ಕೂ ಯಾದೃಚ್ಛಿಕ. ಆದರೆ ಯಾವುದು ಯಾವಾಗ, ಎಲ್ಲಿ ಹುಟ್ಟಿತು ಎಂಬ ಸುದ್ದಿ ಅಳಿಸಿಹೋಗಿರುತ್ತದೆ, ಮತ್ತು ಆ ಸುದ್ದಿಗಾಗಿಯೇ ನಾವು ಚಾರ್ಟ್ ಹಾಕುವುದು. ದಯವಿಟ್ಟು ಟ್ರೇಗೆ ಬೀಳುವ ಮೊದಲೇ, ಫಿಕ್ಸ್‌ಚರ್‌ನಿಂದ ಎತ್ತುವಾಗಲೇ ತುಂಡುಗಳನ್ನು ಪ್ರತ್ಯೇಕಿಸಿ.

ಕಂಪ್ಯೂಟರ್ ಹಾಳೆಯಲ್ಲಿ ಎಲ್ಲ ಅಳತೆಗಳನ್ನೂ ಒಟ್ಟು ಹಾಕಿ, ಅವುಗಳ ಪ್ರಮಾಣಿತ ವಿಚಲನೆಯಿಂದ ಮಿತಿ ಎಳೆಯುವ ಅಭ್ಯಾಸವನ್ನೂ ಬಹಳ ಕಡೆ ನೋಡಿದ್ದೇನೆ. ಆಗ ಜಾರಿಕೆ, ಸವೆತ, ಶಿಫ್ಟ್‌ಗಳ ವ್ಯತ್ಯಾಸ ಎಲ್ಲವೂ ಮಿತಿಯೊಳಗೆ ಸೇರಿಹೋಗುತ್ತವೆ. ಸಬ್‌ಗ್ರೂಪ್ ಎಷ್ಟೇ ಚೆನ್ನಾಗಿ ಆರಿಸಿದ್ದರೂ ಅದರ ಪ್ರಯೋಜನ ಇದೊಂದರಿಂದ ಹಾಳಾಗುತ್ತದೆ.

ಸಬ್‌ಗ್ರೂಪಿನ ಒಳಗೆ ತೀರಾ ಕಡಿಮೆ ವ್ಯತ್ಯಾಸ ಬಿಟ್ಟರೂ ತೊಂದರೆಯೇ. ನಿಮ್ಮ ಕವರ್ ಎರಕ ಹೊಯ್ಯುವ ಫೌಂಡ್ರಿಯವರನ್ನು ಕೇಳಿ ನೋಡಿ. ಬೆಳಗಾವಿಯ ಕಡೆಯ ಫೌಂಡ್ರಿಗಳಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಒಂದು ಹೀಟ್‌ನ (ಒಮ್ಮೆಗೆ ಕರಗಿಸಿದ) ಲೋಹದಿಂದ ಹೊಯ್ದ ಐದು ತುಂಡುಗಳ ಗಡಸುತನ ಅಳೆದು ಒಂದು ಸಬ್‌ಗ್ರೂಪ್ ಮಾಡುತ್ತಾರೆ. ಐದೂ ಒಂದೇ ತಾಯಿಯ ಮಕ್ಕಳು. ಅವುಗಳ ನಡುವಿನ ರೇಂಜ್ ಪುಟ್ಟದು. ಹೀಟ್‌ನಿಂದ ಹೀಟ್‌ಗೆ ಗುಜರಿ, ಇಂಗಾಲ, ಸಿಲಿಕಾನ್, ಕಾವು ಇವೆಲ್ಲ ಸ್ವಲ್ಪಸ್ವಲ್ಪ ಬದಲಾಗುವುದು ಫೌಂಡ್ರಿಯ ಸಹಜ ಗುಣ. ಪುಟ್ಟ ರೇಂಜ್‌ನಿಂದ ಎಳೆದ ಇಕ್ಕಟ್ಟಾದ ಮಿತಿಯಾಚೆ ಎರಡು ಹೀಟ್‌ಗೆ ಒಂದು ಹೊರಬೀಳುತ್ತದೆ. ಹತ್ತು ದಿನ ಓಡಾಡಿ ಕಾರಣ ಹುಡುಕುತ್ತಾರೆ, ಹನ್ನೊಂದನೆಯ ದಿನ ಚಾರ್ಟನ್ನು ಗೋಡೆಯಿಂದ ಇಳಿಸುತ್ತಾರೆ. ಅಲ್ಲಿ ಹೀಟ್‌ಗೆ ಒಂದೇ ಅಂಕಿ ಸಾಕು: ಐದರ ಸರಾಸರಿಯನ್ನು ಬಿಡಿ ಅಳತೆಯಂತೆ ಇಟ್ಟು, ನಿಮಗೆ ಮೇಲೆ ತೋರಿಸಿದಂತೆ 2.66ರ ಗುಣಕದಿಂದ ಮಿತಿ ಹಾಕಬೇಕು. ಹೀಟ್ ಒಳಗಿನ ರೇಂಜನ್ನು ಅದರದೇ ಚಾರ್ಟಿನಲ್ಲಿ ಬೇರೆಯಾಗಿ ನೋಡಿಕೊಳ್ಳಬೇಕು. ನಿಮ್ಮ ರೋಗವೂ ಅವರ ರೋಗವೂ ಎದುರುಬದುರು, ಔಷಧಿ ಒಂದೇ.

ನಾಲ್ಕೋ ಐದೋ ಎಂಬುದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಐದು ರೂಢಿಗೆ ಬಂದದ್ದು ಹೆಚ್ಚಾಗಿ ಕೈಲೆಕ್ಕದ ಸುಲಭಕ್ಕೆ: ಮೊತ್ತವನ್ನು ಎರಡರಿಂದ ಗುಣಿಸಿ ದಶಮಾಂಶ ಬಿಂದುವನ್ನು ಒಂದು ಸ್ಥಾನ ಸರಿಸಿದರೆ ಸರಾಸರಿ. ಯಂತ್ರದ ಸರಾಸರಿ ಬಿಡಿ ತುಂಡಿನ ಒಂದೂವರೆ ಸಿಗ್ಮಾದಷ್ಟು ಸರಿದರೆ ನಾಲ್ಕರ ಗುಂಪಿನ ಮುಂದಿನ ಬಿಂದು ಅದನ್ನು ಹಿಡಿಯುವ ಸಂಭವ ನೂರಕ್ಕೆ 50. ಎರಡು ಸಿಗ್ಮಾ ಸರಿದರೆ 84. ಒಂದೇ ಸಿಗ್ಮಾ ಸರಿದರೆ ನಾಲ್ಕರ ಗುಂಪಿಗೆ 16, ಐದರದಕ್ಕೆ 22. ಮೂರರಿಂದ ಐದರೊಳಗೆ ಯಾವುದಾದರೂ ನಡೆಯುತ್ತದೆ. ನಿಮ್ಮ ಫಿಕ್ಸ್‌ಚರ್‌ನಲ್ಲಿ ನಾಲ್ಕು ಸ್ಟೇಷನ್ ಇವೆ ಎಂಬ ಕಾರಣಕ್ಕೆ ನಾಲ್ಕು ಎಂದು ಮಾತ್ರ ತೀರ್ಮಾನಿಸಬೇಡಿ. ಎಷ್ಟು ತುಂಡು ಎನ್ನುವುದಕ್ಕಿಂತ ಯಾವಾಗ ಎನ್ನುವುದಕ್ಕೆ ತಲೆ ಕೆಡಿಸಿಕೊಳ್ಳಿ. ನಿಮ್ಮ ಯಂತ್ರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ವೇಗವಾಗಿ ಬದಲಾಗುತ್ತದೆ. ಆ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಅಳೆಯಿರಿ, ನಂತರ ಗಂಟೆಗೊಮ್ಮೆ ಸಾಕು. ಇನ್ಸರ್ಟ್ ತಿರುಗಿಸಿದಾಗ, ಆಫ್‌ಸೆಟ್ ಮುಟ್ಟಿದಾಗ, ಆಪರೇಟರ್ ಬದಲಾದಾಗ ಮುಂದಿನ ಸೈಕಲನ್ನು ತಪ್ಪದೆ ಅಳೆದು, ಚಾರ್ಟಿನ ಅಂಚಿನಲ್ಲಿ ಕಾರಣ ಬರೆಯಿರಿ. ಕೆಲಸ ಶುರುವಾಗುವ ಮೊದಲು ಸ್ಪಿಂಡಲನ್ನು ಇಪ್ಪತ್ತು ಮೂವತ್ತು ನಿಮಿಷ ಖಾಲಿ ಓಡಿಸಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಆಫ್‌ಸೆಟ್ ಹಾಕಿದರೆ ಈ ಜಾರಿಕೆಯ ಬಹುಪಾಲು ಇಲ್ಲವಾಗುತ್ತದೆ.

ಪ್ಯಾಡ್‌ಗಳು ಸಮವಾದ ಮೇಲೆ ಸಂತೋಷದ ಸಂಗತಿಯೊಂದು ಕಾದಿದೆ. ನೀವು ಈಗ ಮಾಡುತ್ತಿರುವ, ಇಷ್ಟು ಹೊತ್ತು ನಾನು ತಪ್ಪೆಂದ ಅದೇ ಪದ್ಧತಿ, ಅಂದರೆ ಒಂದು ಸೈಕಲ್‌ನ ನಾಲ್ಕು ಕವರ್‌ಗಳ ಸಬ್‌ಗ್ರೂಪ್, ಆಗ ಸರಿಯಾಗಿಬಿಡುತ್ತದೆ. ನಾಲ್ಕೂ ಸ್ಟೇಷನ್‌ಗಳು ಒಂದೇ ಎತ್ತರದಲ್ಲಿದ್ದರೆ ಅವುಗಳ ನಡುವೆ ಉಳಿಯುವುದು ಎರಡು ಮೈಕ್ರಾನ್‌ನ ಸಹಜ ಏರಿಳಿತ ಮಾತ್ರ. ಸರಾಸರಿ ರೇಂಜ್ 20ರಿಂದ ಸುಮಾರು 4.1ಕ್ಕೆ ಇಳಿಯುತ್ತದೆ. ಅದನ್ನು 0.729ರಿಂದ ಗುಣಿಸಿದರೆ ಮಿತಿ ಆಚೀಚೆ 3 ಮೈಕ್ರಾನ್, ಬೇಕಾದಷ್ಟೇ. ರೇಂಜ್ ಚಾರ್ಟಿನ ಮೇಲಿನ ಮಿತಿಯೂ 45.6ರಿಂದ 9.4ಕ್ಕೆ ಬರುತ್ತದೆ. ಯಾವುದಾದರೂ ಪ್ಯಾಡಿನ ಮೇಲೆ ಹತ್ತು ಹನ್ನೆರಡು ಮೈಕ್ರಾನ್‌ನ ಚಿಪ್ ಕೂತ ಗಂಟೆ ರೇಂಜ್ ಬಹುಮಟ್ಟಿಗೆ ಮಿತಿ ದಾಟುತ್ತದೆ. ಸ್ಪಿಂಡಲ್ ಜಾರಿದಾಗ ಸರಾಸರಿ ದಾಟುತ್ತದೆ. ಎರಡು ಚಾರ್ಟ್‌ಗಳು ಎರಡು ಬೇರೆ ಬೇರೆ ತೊಂದರೆಗಳನ್ನು ಹೇಳತೊಡಗುತ್ತವೆ. ಪ್ಯಾಡ್ ಸರಿಪಡಿಸುವವರೆಗೆ ಮಾತ್ರ ಸರಾಸರಿಗಳಿಗೂ ರೇಂಜ್‌ಗಳಿಗೂ ಬಿಡಿ ಅಳತೆಯ ಚಾರ್ಟ್‌ಗಳನ್ನೇ ಬಳಸಿ. ಈಗಿನ 20 ಎಂಬ ರೇಂಜ್ ಪ್ಯಾಡ್‌ಗಳ ಸ್ಥಿರ ಅಂತರವೇ ಹೊರತು ಏರಿಳಿತವಲ್ಲ, ಅದಕ್ಕೆ 45.6ರ ಮಿತಿ ಹಾಕಿದರೆ ಅಲ್ಲೂ ಏನೂ ಕಾಣುವುದಿಲ್ಲ.

ಕೊನೆಯದಾಗಿ, ಇದು ತುರ್ತು: ಆ ಮೂರು ದಿನದ ಮಾಲಿನಲ್ಲಿ ಇನ್ನೂ ನಿಮ್ಮಲ್ಲೇ ಉಳಿದಿರುವುದನ್ನು ನೂರಕ್ಕೆ ನೂರು ಅಳೆದ ಹೊರತು ಕಳಿಸಬೇಡಿ. ಕವರ್‌ಗಳ ಮೇಲೆ ಸ್ಟೇಷನ್ ಗುರುತು ಇಲ್ಲದ್ದರಿಂದ ನಾಲ್ಕನೆಯದನ್ನಷ್ಟೇ ಆರಿಸಿ ತೆಗೆಯಲು ಬರುವುದಿಲ್ಲ. ಮುಂದಕ್ಕೆ, ಎರಕದ ಕಚ್ಚಾ ಮೈಯ ಮೇಲೆ ಒಂದರಿಂದ ನಾಲ್ಕು ಚುಕ್ಕೆಗಳ ಪಂಚ್ ಗುರುತು ಹಾಕಿಸಲು ಗ್ರಾಹಕರ ಒಪ್ಪಿಗೆ ಕೇಳಿ. ಸತತ ಮೂರು ಸೈಕಲ್‌ಗಳ ಒಂದು ದಿನದ ಅಳತೆ ಮುಗಿದ ಮೇಲೆ ಆ 96 ಅಂಕಿಗಳನ್ನು, ಡಯಲ್‌ನಲ್ಲಿ ಕಂಡ ನಾಲ್ಕು ಪ್ಯಾಡ್‌ಗಳ ಎತ್ತರದ ಜೊತೆಗೆ, ನನಗೆ ಕಳಿಸಿ. ಎರಡನೆಯ ಸ್ಟೇಷನ್ ಮಧ್ಯಾಹ್ನ ಒಂದರ ಹೊತ್ತಿಗೆ ಮೂರನೆಯದರ ಹತ್ತಿರಕ್ಕೆ ಜಾರಿದಂತೆ ನಿಮ್ಮ ಹಾಳೆಯಲ್ಲಿ ಕಾಣುತ್ತದೆ. ಅದು ಕ್ಲ್ಯಾಂಪ್‌ನದೋ, ಬರಿಯ ಕಾಕತಾಳೀಯವೋ ಎಂಬುದನ್ನು ಅವುಗಳಿಂದ ನೋಡಬಹುದು.